ಪಾಡ್‌ಕಾಸ್ಟ್ | ಚೈಲ್ಡ್‌ಮೈಂಡರ್ ಆಗಬೇಕಾ? ಯಾವ ಕೋರ್ಸಿಗೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಇವತ್ತಿನ ಕಂತು ಮುಖ್ಯವಾಗಿ ಇಂಗ್ಲೆಂಡಿನಲ್ಲಿರೋ ಕನ್ನಡಿಗರಿಗೆ. ಅದರಲ್ಲೂ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಶುರು ಮಾಡೋಣ ಅಂತ ಯೋಚನೆ ಮಾಡ್ತಿರೋರಿಗೆ. ಊರಲ್ಲಿ ಕೂತು ಕೇಳ್ತಿರೋರೂ ಇರಿ. ಕೋರ್ಸ್ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದಾಗ ನಾವು ಏನು ಕೇಳಬೇಕು ಅನ್ನೋದು ಎಲ್ಲಾ ಕಡೆ ಒಂದೇ.

ಈ ವಿಷಯ ಯಾಕೆ ಅಂದ್ರೆ, ನನ್ನ ಅಕ್ಕ ಈ ಕೆಲಸಕ್ಕೆ ಇಳಿದಿದ್ದಾಳೆ. ಭಾವನ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಬಂದವಳು. ಆ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡೋದಕ್ಕೆ ಅವಕಾಶ ಇದೆ. ನಾನು ಬಿ.ಕಾಂ. ಓದಿದವನು, ಹಾಗಾಗಿ ಅವಳ ಲೆಕ್ಕಪತ್ರ ನನ್ನ ತಲೆಗೆ ಬಂತು. ಲೆಕ್ಕದ ಪುಸ್ತಕದಲ್ಲಿ ಆದಾಯದ ಕಾಲಂ ಖಾಲಿ ಇದ್ದಾಗಲೇ ಖರ್ಚಿನ ಕಾಲಂನಲ್ಲಿ ಮೊದಲು ಬಂದ ಸಾಲು 'ತರಬೇತಿ'. ಅವಳು ಅರ್ಜಿ ಹಾಕ್ತೀನಿ ಅಂದಿದ್ದೇ ತಡ, ಫೋನಿನ ತುಂಬಾ ಜಾಹೀರಾತು. ಹದಿನೆಂಟು ಕೋರ್ಸುಗಳ ಒಂದು ಕಟ್ಟು, ಒಂದು ವರ್ಷದ ಸದಸ್ಯತ್ವ, 240 ಪೌಂಡ್, 'ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ'. ಮೂರು ವರ್ಷ ಮುಂದುವರಿಸಿದರೆ 720 ಪೌಂಡ್. ಇನ್ನೂ ಒಂದು ಮಗುವೂ ಮನೆಗೆ ಬಂದಿಲ್ಲ.

ಮೊದಲು ಚೈಲ್ಡ್‌ಮೈಂಡರ್ ಅಂದ್ರೆ ಯಾರು ಅಂತ ಹೇಳಿಬಿಡ್ತೀನಿ. ಮಗುವಿನ ಮನೆಗೆ ಹೋಗಿ ನೋಡಿಕೊಳ್ಳೋರು ನ್ಯಾನಿ. ತಮ್ಮ ಮನೆಯಲ್ಲೇ ಬೇರೆಯವರ ಮಕ್ಕಳನ್ನು ಶುಲ್ಕ ತಗೊಂಡು ನೋಡಿಕೊಳ್ಳೋರು ಚೈಲ್ಡ್‌ಮೈಂಡರ್. ಎಂಟು ವರ್ಷದೊಳಗಿನ ಮಗುವನ್ನು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೀಗೆ ನೋಡಿಕೊಂಡರೆ ಇಂಗ್ಲೆಂಡಿನಲ್ಲಿ ನೋಂದಣಿ ಕಡ್ಡಾಯ. ಅದು ಆಫ್‌ಸ್ಟೆಡ್‌ನಲ್ಲಿ ಆಗಬೇಕು, ಇಲ್ಲವೇ ಚೈಲ್ಡ್‌ಮೈಂಡರ್ ಏಜೆನ್ಸಿಯಲ್ಲಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ನೋಂದಣಿ ಮಾಡೋ ಸಂಸ್ಥೆಗಳೂ ಬೇರೆ, ನಿಯಮಗಳೂ ಬೇರೆ. ನಾನು ಇವತ್ತು ಹೇಳೋದು ಇಂಗ್ಲೆಂಡಿನ ಮಟ್ಟಿಗೆ ಮಾತ್ರ.

ಇನ್ನೊಂದು ಮಿತಿ ಗೊತ್ತಿರಲಿ. ಒಬ್ಬ ಚೈಲ್ಡ್‌ಮೈಂಡರ್ ಒಂದು ಹೊತ್ತಿಗೆ ಎಂಟು ವರ್ಷದೊಳಗಿನ ಆರು ಮಕ್ಕಳನ್ನು ನೋಡಿಕೊಳ್ಳಬಹುದು. ಅದರಲ್ಲಿ ಶಾಲೆಗೆ ಹೋಗದ ಚಿಕ್ಕ ಮಕ್ಕಳು ಮೂರೇ. ಒಂದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ಒಂದೇ. ಸ್ವಂತ ಮಕ್ಕಳೂ ಈ ಲೆಕ್ಕದಲ್ಲಿ ಸೇರ್ತಾರೆ. ಅಕ್ಕನಿಗೆ ಮೂರು ವರ್ಷದ ಮಗ ಇದ್ದಾನೆ. ಅಂದ್ರೆ ದಿನವಿಡೀ ಶುಲ್ಕ ಕೊಡೋ ಚಿಕ್ಕ ಮಕ್ಕಳು ಅವಳಿಗೆ ಎರಡೇ. ಈ ವ್ಯಾಪಾರದಲ್ಲಿ ಆದಾಯಕ್ಕೆ ಸೂರು ಇದೆ. ಖರ್ಚಿಗೆ ಸೂರು ನಾವೇ ಹಾಕಿಕೊಳ್ಳಬೇಕು.

ಹಾಗಾದ್ರೆ ಕಾನೂನು ಏನು ಕೇಳುತ್ತೆ? ಅರ್ಲಿ ಇಯರ್ಸ್ ಫೌಂಡೇಶನ್ ಸ್ಟೇಜ್ ಅಂತ ಒಂದು ಚೌಕಟ್ಟು ಇದೆ, ಚಿಕ್ಕದಾಗಿ ಇ.ವೈ.ಎಫ್.ಎಸ್. ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳ ಕಲಿಕೆ ಮತ್ತು ಸುರಕ್ಷತೆಗೆ ಇದೇ ನಿಯಮ ಪುಸ್ತಕ. 2024ರ ಜನವರಿಯಿಂದ ಚೈಲ್ಡ್‌ಮೈಂಡರ್‌ಗಳಿಗಾಗಿಯೇ ಇದರ ಪ್ರತ್ಯೇಕ ಆವೃತ್ತಿ ಇದೆ. ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತೆ. ದಯವಿಟ್ಟು ಯಾವ ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆಯೂ ಇದನ್ನು ಒಮ್ಮೆ ಪೂರ್ತಿ ಓದಿ. ಅಕ್ಕ ಮತ್ತು ನಾನು ಒಂದು ಶನಿವಾರ ಕೂತು ಓದಿದ್ವಿ. 'ಮಸ್ಟ್' ಅಂತ ಬರೆದ ಕಡೆಯೆಲ್ಲ ಒಂದು ಬಣ್ಣ, 'ಶುಡ್' ಅಂತ ಇದ್ದ ಕಡೆ ಇನ್ನೊಂದು ಬಣ್ಣ ಹಚ್ಚಿದ್ವಿ. ಮೊದಲನೆಯದು ಮಾಡಲೇಬೇಕಾದ್ದು. ಎರಡನೆಯದನ್ನು ಗಮನಕ್ಕೆ ತಗೊಳ್ಳಬೇಕು, ಬಲವಾದ ಕಾರಣ ಇಲ್ಲದೆ ಬಿಡೋ ಹಾಗಿಲ್ಲ.

ಸಂಜೆ ಹೊತ್ತಿಗೆ ಒಂದು ವಿಷಯ ಸ್ಪಷ್ಟ ಆಯ್ತು. ಕಾನೂನು ಕೇಳೋ ಸರ್ಟಿಫಿಕೇಟುಗಳು ತುಂಬಾ ಕಡಿಮೆ, ಕೇಳೋ ತಿಳಿವಳಿಕೆ ಮಾತ್ರ ತುಂಬಾ ಜಾಸ್ತಿ. ಮೊದಲೆಲ್ಲ ನೋಂದಣಿಗೆ ಮುಂಚೆ ಇ.ವೈ.ಎಫ್.ಎಸ್. ಬಗ್ಗೆ ತರಬೇತಿ ಮುಗಿಸಿರಲೇಬೇಕು ಅನ್ನೋ ನಿಯಮ ಇತ್ತು. 2024ರ ಬದಲಾವಣೆಯಲ್ಲಿ ಅದು ಹೋಯ್ತು. ಈಗ ನಿಮಗೆ ಆ ಚೌಕಟ್ಟು ಗೊತ್ತಿದೆ ಅಂತ ತೋರಿಸಿದರೆ ಸಾಕು. ಅದು ಹೇಗೆ ಗೊತ್ತಾಯ್ತು ಅನ್ನೋದು ನಿಮ್ಮ ದಾರಿ. ನೋಂದಣಿಗೆ ಮುಂಚೆ ಇನ್‌ಸ್ಪೆಕ್ಟರ್ ಮನೆಗೆ ಬಂದು ಮಾತಾಡಿಸ್ತಾರೆ. ಆಗ ನಿಮ್ಮ ಬಾಯಲ್ಲಿ ಉತ್ತರ ಇರಬೇಕು. ಗೋಡೆ ಮೇಲಿರೋ ಹದಿನೆಂಟು ಸರ್ಟಿಫಿಕೇಟು ನಿಮ್ಮ ಪರವಾಗಿ ಮಾತಾಡಲ್ಲ.

ಹಾಗಾಗಿ ನಾನು ಅಕ್ಕನಿಗೆ ಕೊಟ್ಟ ಅಳತೆಗೋಲು ಇಷ್ಟೇ: ಯಾವುದನ್ನು ಓದಿ ಕಲಿಯೋಕೆ ಆಗುತ್ತೋ ಅದನ್ನು ಓದು. ಯಾವುದನ್ನು ಕೈಯಿಂದ ಮಾಡಿ ಅಥವಾ ಇನ್ನೊಬ್ಬರ ಎದುರು ಕೂತು ಮಾತ್ರ ಕಲಿಯೋಕೆ ಆಗುತ್ತೋ, ಅದಕ್ಕೆ ದುಡ್ಡು ಕೊಡು.

ಈ ಅಳತೆಗೋಲು ಹಿಡಿದರೆ ಮೊದಲನೇ ಸ್ಥಾನ ಮಕ್ಕಳ ಪ್ರಥಮ ಚಿಕಿತ್ಸೆಗೆ. ಇಲ್ಲಿ ಅದನ್ನು ಪೀಡಿಯಾಟ್ರಿಕ್ ಫಸ್ಟ್ ಏಡ್ ಅಂತಾರೆ. ಇದು ಕಡ್ಡಾಯ. ಪೂರ್ಣ ಕೋರ್ಸು ಕನಿಷ್ಠ 12 ಗಂಟೆ, ಊಟ-ಟೀ ಬಿಡುವು ಬಿಟ್ಟು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಲ್ಲಿ ಜಾಗ್ರತೆ ಬೇಕು. 'ಎಮರ್ಜೆನ್ಸಿ ಪೀಡಿಯಾಟ್ರಿಕ್' ಅಂತ ಆರು ಗಂಟೆಯ ಇನ್ನೊಂದು ಕೋರ್ಸ್ ಇದೆ, ಅದಷ್ಟೇ ಮಾಡಿದರೆ ಚೈಲ್ಡ್‌ಮೈಂಡರ್‌ಗೆ ಸಾಲಲ್ಲ. ದೊಡ್ಡವರಿಗಾಗಿ ಇರೋ 'ಆಫೀಸ್ ಫಸ್ಟ್ ಏಡ್' ಕೂಡ ನಡೆಯಲ್ಲ. ಮನೆಯಲ್ಲೇ ಕೂತು ಎರಡು ಗಂಟೆಯಲ್ಲಿ ಮುಗಿಯುವ, ಇಪ್ಪತ್ತು ಪೌಂಡಿನ ಆನ್‌ಲೈನ್ ಸರ್ಟಿಫಿಕೇಟು ಅಂತೂ ಕಾಗದಕ್ಕೆ ಸಮ. ಒಂದಿಷ್ಟು ಭಾಗ ಆನ್‌ಲೈನ್, ಉಳಿದದ್ದು ಎದುರಾಎದುರು, ಹಾಗಿರೋ ಕೋರ್ಸು ಪರವಾಗಿಲ್ಲ. ಆದರೆ ಆ ಆರು ಗಂಟೆಯ ತುರ್ತು ಭಾಗವನ್ನು ಎದುರಿಗೇ ಕೂತು, ಕೂಸಿನ ಗಾತ್ರದ ಬೊಂಬೆ ಮೇಲೆ ಕೈಯಿಟ್ಟು ಮಾಡಬೇಕು.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ನಮ್ಮ ಮನೆಗಳಲ್ಲಿ ನಾವು ನೋಡಿ ಕಲಿತದ್ದು ಬೇರೆಯೇ ಇರುತ್ತೆ. ಮಗು ಏನಾದರೂ ನುಂಗಿ ಉಸಿರು ಕಟ್ಟಿದರೆ ತಕ್ಷಣ ಬಾಯಿಗೆ ಬೆರಳು ಹಾಕಿ ತೆಗೆಯೋಕೆ ನೋಡ್ತೀವಿ. ಕಾಣದ ವಸ್ತುವಿಗೆ ಹೀಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗಬಹುದು. ಒಂದು ವರ್ಷದೊಳಗಿನ ಕೂಸಿಗೆ ಬೆನ್ನಿಗೆ ಐದು ಏಟು, ಆಮೇಲೆ ಎದೆಯ ಮೇಲೆ ಐದು ಒತ್ತು. ಒಂದು ವರ್ಷ ದಾಟಿದ ಮಗುವಿಗೆ ಬೆನ್ನಿಗೆ ಐದು, ಆಮೇಲೆ ಹೊಟ್ಟೆಯ ಮೇಲ್ಭಾಗಕ್ಕೆ ಐದು. ಕೂಸಿಗೆ ಹೊಟ್ಟೆ ಒತ್ತೋ ಹಾಗೇ ಇಲ್ಲ. ಸುಟ್ಟ ಗಾಯಕ್ಕೆ ನಾವು ಟೂತ್‌ಪೇಸ್ಟ್ ಹಚ್ಚಿದವರು, ಬೆಣ್ಣೆ ಹಚ್ಚಿದವರು. ಇಲ್ಲಿ ಕಲಿಸೋದು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯೋದು. ಇದನ್ನು ನಾನು ಹೇಳಿದೆ, ನೀವು ಕೇಳಿದಿರಿ. ಆದರೆ ಎಷ್ಟು ಜೋರಾಗಿ ಹೊಡೀಬೇಕು, ಕೂಸನ್ನು ತೋಳ ಮೇಲೆ ಹೇಗೆ ಮಲಗಿಸಬೇಕು, ತಲೆಯನ್ನು ಹೇಗೆ ಹಿಡಿಯಬೇಕು ಅನ್ನೋದು ಕಿವಿಯಿಂದ ಬರಲ್ಲ. ಅಕ್ಕ ಆ ಕೋರ್ಸಿನಿಂದ ಬಂದ ಸಂಜೆ ಹೇಳಿದ್ದು, 'ಬೊಂಬೆ ಅಂತ ಗೊತ್ತಿದ್ರೂ ಕೈ ನಡುಗ್ತು ಕಣೋ' ಅಂತ. ಆ ನಡುಕ ಬೊಂಬೆಯ ಮೇಲೆ ಕಳೆದುಹೋಗಲಿ ಅಂತಲೇ ದುಡ್ಡು ಕೊಡೋದು.

ಲೆಕ್ಕ ಹಾಕಿದರೂ ಇದು ದುಬಾರಿ ಅಲ್ಲ. ನಮ್ಮ ಊರಲ್ಲಿ ಅವಳು ಕೊಟ್ಟಿದ್ದು 105 ಪೌಂಡ್. ಯಂತ್ರಕ್ಕೆ ಸವಕಳಿ ಇರೋ ಹಾಗೆ ಈ ಸರ್ಟಿಫಿಕೇಟಿಗೂ ಇದೆ, ಆಯಸ್ಸು ಮೂರು ವರ್ಷ. ವರ್ಷಕ್ಕೆ 35 ಪೌಂಡ್ ಆಯ್ತು. ಅದಕ್ಕೇ ತೀರಾ ಮುಂಚೆ ಮಾಡಿಕೊಂಡು ಕೂರಬೇಡಿ. ಅರ್ಜಿ ಹಾಕೋದು ಖಚಿತ ಆದಮೇಲೆ ಮಾಡಿ, ಇಲ್ಲಾಂದ್ರೆ ಒಂದು ಮಗುವೂ ಬರೋ ಮುಂಚೆ ಸವಕಳಿ ಶುರುವಾಗಿರುತ್ತೆ.

ಎರಡನೇ ಸ್ಥಾನ ಸೇಫ್‌ಗಾರ್ಡಿಂಗ್, ಅಂದ್ರೆ ಮಕ್ಕಳ ರಕ್ಷಣೆ. ಇದೂ ಕಡ್ಡಾಯ. 2025ರ ಸೆಪ್ಟೆಂಬರ್‌ನಿಂದ ಈ ತರಬೇತಿಯಲ್ಲಿ ಏನೇನು ಇರಬೇಕು ಅನ್ನೋ ಪಟ್ಟಿಯೇ ಇ.ವೈ.ಎಫ್.ಎಸ್.ನ ಅನುಬಂಧದಲ್ಲಿದೆ, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೋರ್ಸ್ ಮಾರೋರು ಏನೇ ಹೇಳಲಿ, ಆ ಪಟ್ಟಿ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.

ಇದನ್ನು ಆನ್‌ಲೈನ್‌ನಲ್ಲಿ ಒಂದು ಗಂಟೆಯಲ್ಲಿ ಕ್ಲಿಕ್ ಮಾಡಿ ಮುಗಿಸೋಕೂ ಆಗುತ್ತೆ. ಆದರೆ ನನ್ನ ಸಲಹೆ, ನಿಮ್ಮ ಸ್ಥಳೀಯ ಕೌನ್ಸಿಲ್ ಕಡೆಯಿಂದ ನಡೆಯೋ ತರಬೇತಿ ಇದೆಯಾ ಅಂತ ಮೊದಲು ವಿಚಾರಿಸಿ. ಹಲವು ಕಡೆ ಇದು ಉಚಿತ, ಇಲ್ಲವೇ ಕಡಿಮೆ ದರ. ದುಡ್ಡಿಗಿಂತ ದೊಡ್ಡ ಕಾರಣ ಒಂದಿದೆ. ನರ್ಸರಿಯಲ್ಲಿ ಅನುಮಾನ ಬಂದರೆ ಪಕ್ಕದಲ್ಲಿ ಸಹೋದ್ಯೋಗಿ ಇರ್ತಾರೆ, ಮೇಲೆ ಮ್ಯಾನೇಜರ್ ಇರ್ತಾರೆ. ಚೈಲ್ಡ್‌ಮೈಂಡರ್ ಒಬ್ಬಳೇ. ಮಗುವಿನ ತೊಡೆಯ ಮೇಲೆ ಒಂದು ಗುರುತು ಕಂಡರೆ, ಕರೆದೊಯ್ಯೋಕೆ ಬಂದ ಅಪ್ಪ ಕುಡಿದಿದ್ದಾರೆ ಅಂತ ಅನಿಸಿದರೆ, ಆ ಹೊತ್ತಿಗೆ ನಿರ್ಧಾರ ಮಾಡೋಳು ಅವಳೇ. ಆಗ ಯಾವ ನಂಬರಿಗೆ ಫೋನ್ ಮಾಡಬೇಕು, ಎತ್ತಿಕೊಳ್ಳೋರು ಯಾರು ಅಂತ ಗೊತ್ತಿರಬೇಕು. ಸ್ಥಳೀಯ ತರಬೇತಿಗೆ ಹೋದರೆ ಆ ಜನರ ಮುಖ ನೋಡಿರ್ತೀರಿ, ಅದೇ ಊರಿನ ಇತರ ಚೈಲ್ಡ್‌ಮೈಂಡರ್‌ಗಳೂ ಸಿಗ್ತಾರೆ.

ನಮ್ಮವರಿಗೆ ಇಲ್ಲಿ ಇನ್ನೊಂದು ಕಷ್ಟ ಇದೆ, ನೇರವಾಗಿ ಹೇಳ್ತೀನಿ. 'ಬೇರೆಯವರ ಮನೆ ವಿಷಯ ನಮಗ್ಯಾಕೆ' ಅಂತ ಬೆಳೆದವರು ನಾವು. ಮಗುವನ್ನು ಬಿಡೋ ಕುಟುಂಬವೂ ನಮ್ಮದೇ ಸಮುದಾಯದ್ದು, ಯುಗಾದಿ ಕಾರ್ಯಕ್ರಮದಲ್ಲಿ ಜೊತೆಗೆ ಊಟ ಮಾಡಿದವರು ಅಂದ್ರೆ ಇನ್ನೂ ಕಷ್ಟ. ಹಾಗೇ 'ಒಂದೇಟು ಕೊಟ್ರೆ ಏನಾಯ್ತು' ಅನ್ನೋದೂ ಇದೆ. ಚೈಲ್ಡ್‌ಮೈಂಡರ್ ಮಗುವಿಗೆ ಕೈ ಎತ್ತೋ ಹಾಗಿಲ್ಲ, ಅದು ಅಪರಾಧ. ನಿಮ್ಮ ಮನೆಯಲ್ಲಿ ಇರೋ ಯಾರ ಮೇಲಾದರೂ ಮಗುವಿಗೆ ಗಂಭೀರ ಹಾನಿ ಮಾಡಿದ ಆರೋಪ ಬಂದರೆ, ಆದಷ್ಟು ಬೇಗ, ತಡ ಅಂದ್ರೂ 14 ದಿನದೊಳಗೆ ಆಫ್‌ಸ್ಟೆಡ್‌ಗೆ ನೀವೇ ತಿಳಿಸಬೇಕು. ಇಂಥ ವಿಷಯವನ್ನು ಒಬ್ಬರೇ ಕೂತು ಸ್ಲೈಡ್ ಓದಿ ಕಲಿಯೋದಕ್ಕೂ, ಹತ್ತು ಜನರ ಜೊತೆ ಕೂತು 'ಹೀಗಾದ್ರೆ ಏನ್ ಮಾಡ್ತೀರಿ' ಅಂತ ಚರ್ಚೆ ಮಾಡಿ ಕಲಿಯೋದಕ್ಕೂ ವ್ಯತ್ಯಾಸ ಇದೆ.

ಇನ್ನು ಓದಿಯೇ ಕಲಿಯಬಹುದಾದ ವಿಷಯಗಳು. ಮೊದಲು ಆಹಾರ. ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯವರು ಚೈಲ್ಡ್‌ಮೈಂಡರ್‌ಗಳಿಗೆಂದೇ 'ಸೇಫರ್ ಫುಡ್, ಬೆಟರ್ ಬಿಸಿನೆಸ್' ಅನ್ನೋ ಕೈಪಿಡಿ ಮಾಡಿದ್ದಾರೆ, ಉಚಿತ. ಅಡುಗೆ ಮಾಡೋರಿಗೆ ಸಾಮರ್ಥ್ಯ ಇರಬೇಕು ಅನ್ನೋದು ಚೈಲ್ಡ್‌ಮೈಂಡರ್‌ಗಳಿಗೆ ಇರೋ ನಿಯಮ. ಆಹಾರ ಸ್ವಚ್ಛತೆಯ ಕೋರ್ಸ್ ಮಾಡಿದರೆ ಒಳ್ಳೆಯದೇ, ಅಗ್ಗದಲ್ಲೇ ಸಿಗುತ್ತೆ. ಆದರೆ ಆ ಕೋರ್ಸುಗಳನ್ನು ನಮ್ಮ ಅಡುಗೆಮನೆ ನೋಡಿ ಮಾಡಿರಲ್ಲ ಅನ್ನೋದು ನೆನಪಿರಲಿ. ಬ್ರಿಟನ್‌ನಲ್ಲಿ ತಿಳಿಸಲೇಬೇಕಾದ 14 ಅಲರ್ಜಿ ಪದಾರ್ಥಗಳಿವೆ. ಅದರಲ್ಲಿ ಸಾಸಿವೆ ಇದೆ, ಎಳ್ಳು ಇದೆ, ಕಡಲೆಕಾಯಿ ಇದೆ, ಹಾಲು ಇದೆ, ಗೋಧಿ ಇದೆ. ನಮ್ಮ ಒಂದು ಒಗ್ಗರಣೆಯಲ್ಲೇ ಸಾಸಿವೆ ಸಿಡಿದಾಗಿರುತ್ತೆ. ಅಂಗಡಿಯ ಡಬ್ಬಿ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರ್ತಾರೆ. ಚಿತ್ರಾನ್ನದಲ್ಲಿ ಇಡೀ ಕಡಲೆಕಾಯಿ ಇರುತ್ತೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜಗಳನ್ನು ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಬೇಕು. ಮಗು ಉಣ್ಣುವಾಗ ನೀವು ಅದೇ ಕೋಣೆಯಲ್ಲಿ, ಕಣ್ಣಿಗೂ ಕಿವಿಗೂ ಸಿಗೋ ಹಾಗೆ ಇರಬೇಕು, ಯಾಕಂದ್ರೆ ಉಸಿರು ಕಟ್ಟಿದ ಮಗು ಸದ್ದೇ ಮಾಡದೆ ಇರಬಹುದು. ಅಕ್ಕ ಮಸಾಲೆ ಡಬ್ಬಿಯ ಮುಚ್ಚಳದ ಒಳಗೆ ಈ ಪಟ್ಟಿ ಅಂಟಿಸಿದ್ದಾಳೆ. ಖರ್ಚು ಸೊನ್ನೆ.

ಮಲಗಿಸೋದೂ ಹಾಗೇ. ಕೂಸನ್ನು ಬೆನ್ನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ, ದಿಂಬು-ದಪ್ಪ ಕಂಬಳಿ ಇಲ್ಲದೆ ಮಲಗಿಸಬೇಕು. ಲಲ್ಲಬೈ ಟ್ರಸ್ಟ್ ಅನ್ನೋ ಸಂಸ್ಥೆಯ ಮಾಹಿತಿ ಉಚಿತವಾಗಿ ಸಿಗುತ್ತೆ. ಮಕ್ಕಳ ಬೆಳವಣಿಗೆ ಬಗ್ಗೆ ಶಿಕ್ಷಣ ಇಲಾಖೆಯೇ ಉಚಿತ ಆನ್‌ಲೈನ್ ತರಬೇತಿ ಇಟ್ಟಿದೆ. ಆ ಹದಿನೆಂಟರ ಕಟ್ಟಿನಲ್ಲಿದ್ದ ಅರ್ಧಕ್ಕರ್ಧ ವಿಷಯ ಇಲ್ಲೇ ಮುಗೀತು.

ಜಾಹೀರಾತಿನ ಎರಡು ಪದಗಳ ಬಗ್ಗೆ ಹೇಳಬೇಕು. 'ಆಫ್‌ಸ್ಟೆಡ್ ಅನುಮೋದಿತ ಕೋರ್ಸ್' ಅಂತ ಯಾರಾದರೂ ಬರೆದಿದ್ದರೆ ಅಲ್ಲೇ ನಿಲ್ಲಿ. ಆಫ್‌ಸ್ಟೆಡ್ ಖಾಸಗಿ ಕೋರ್ಸುಗಳಿಗೆ ಮುದ್ರೆ ಒತ್ತಲ್ಲ. ಇನ್ನೊಂದು 'ಸಿ.ಪಿ.ಡಿ. ಅಕ್ರೆಡಿಟೆಡ್'. ಇದು ಖಾಸಗಿ ಸಂಸ್ಥೆಗಳು ಕೊಡೋ ಗುರುತು. ಕೋರ್ಸ್ ಕೆಟ್ಟದ್ದು ಅಂತಲ್ಲ, ಆದರೆ ಅದು ಸರ್ಕಾರಿ ಮಾನ್ಯತೆ ಅಂತ ಓದಿಕೊಳ್ಳಬೇಡಿ.

ಊರಿಂದ ಎನ್.ಟಿ.ಟಿ. ಅಥವಾ ಮಾಂಟೆಸ್ಸರಿ ಮಾಡಿಕೊಂಡು ಬಂದವರ ಪ್ರಶ್ನೆ ಇದ್ದೇ ಇರುತ್ತೆ, ನಮ್ಮ ಸರ್ಟಿಫಿಕೇಟಿಗೆ ಬೆಲೆ ಇಲ್ವಾ ಅಂತ. ಚೈಲ್ಡ್‌ಮೈಂಡರ್ ಆಗೋಕೆ ಲೆವೆಲ್ 3 ಥರದ ವಿದ್ಯಾರ್ಹತೆಯೇ ಕಡ್ಡಾಯ ಅಲ್ಲ. ಹಾಗಾಗಿ ಅದನ್ನು ಇಲ್ಲಿನ ಸಮಾನತೆಗೆ ಪರಿವರ್ತಿಸೋಕೆ ಆತುರಪಟ್ಟು ದುಡ್ಡು ಸುರಿಯೋದು ಬೇಡ. ಮುಂದೆ ನರ್ಸರಿ ಕೆಲಸಕ್ಕೆ ಹೋಗ್ತೀರಿ ಅಂದ್ರೆ ಆಗ ನೋಡಿ. ಮಕ್ಕಳನ್ನು ಗಮನಿಸೋ ಕಣ್ಣು ನಿಮಗೆ ಆ ಓದಿನಿಂದ ಬಂದಿದ್ದರೆ ಅದು ಎಲ್ಲೂ ಹೋಗಲ್ಲ. ಆದರೆ ಇಲ್ಲಿನ ಫಸ್ಟ್ ಏಡ್‌ಗೂ ಸೇಫ್‌ಗಾರ್ಡಿಂಗ್‌ಗೂ ಅದು ಬದಲಿ ಆಗಲ್ಲ.

ಉಳಿದ ಕೋರ್ಸುಗಳು? ಮಕ್ಕಳು ಬಂದಮೇಲೆ. ಮೂರು ತಿಂಗಳು ಕೆಲಸ ಮಾಡಿ, ಆಮೇಲೆ ನಿಮ್ಮ ಮನೆಗೆ ಬರ್ತಿರೋ ಮಗುವನ್ನು ನೋಡಿ ಆರಿಸಿ. ಅಕ್ಕನ ಹತ್ತಿರ ಬರೋ ಎರಡು ವರ್ಷದ ಹುಡುಗಿ ಇನ್ನೂ ಹೆಚ್ಚು ಮಾತಾಡಲ್ಲ. ಮನೆಯಲ್ಲಿ ತೆಲುಗು, ಇಲ್ಲಿ ಇಂಗ್ಲಿಷ್. ಅಕ್ಕ ಆರಿಸಿಕೊಂಡ ಮುಂದಿನ ತರಬೇತಿ ಮಾತು ಮತ್ತು ಭಾಷೆಯ ಬೆಳವಣಿಗೆಯದ್ದು. ಎರಡು-ಮೂರು ವರ್ಷದ ನಡುವೆ ಪ್ರತಿ ಮಗುವಿನ ಪ್ರಗತಿ ಬಗ್ಗೆ ತಂದೆತಾಯಿಗೆ ಒಂದು ಚಿಕ್ಕ ಬರಹ ಕೊಡಲೇಬೇಕು, ಅದಕ್ಕೂ ಇದು ಆಗಿಬರುತ್ತೆ. ಮನೆಮಾತು ಬೇರೆ ಇರೋ ಮಗುವಿಗೆ ಆ ಮಾತನ್ನು ಆಟದಲ್ಲಿ ಬಳಸೋ ಅವಕಾಶ ಕೊಡಿ ಅಂತ ಇ.ವೈ.ಎಫ್.ಎಸ್. ತಾನೇ ಹೇಳುತ್ತೆ, ಜೊತೆಗೆ ಇಂಗ್ಲಿಷೂ ಚೆನ್ನಾಗಿ ಬರೋ ಹಾಗೆ ನೋಡಿಕೊಳ್ಳಿ ಅಂತಲೂ ಹೇಳುತ್ತೆ. ಅಲರ್ಜಿಗೆ ಅಡ್ರಿನಲಿನ್ ಪೆನ್ ಬೇಕಾದ ಮಗು ಬಂದರೆ, ಆಗ ನಿಮಗೆ ಬೇಕಾದ ತರಬೇತಿ ಅದು. ಬರೋ ಮಗು ಯಾರು ಅಂತ ಗೊತ್ತಿಲ್ಲದೆ ಮೊದಲೇ ಕೊಂಡರೆ ಅದು ಗೋದಾಮಿನಲ್ಲಿ ಕೊಳೆಯೋ ಸರಕು.

ವೇಳೆಯ ಲೆಕ್ಕವೂ ಹಾಕಿ. ವಾರದ ಮಧ್ಯೆ ಒಂದು ದಿನ ತರಬೇತಿಗೆ ಹೋದರೆ ಆ ದಿನ ಬಾಗಿಲು ಹಾಕಬೇಕು. ಶುಲ್ಕವೂ ಹೋಯ್ತು, ತಂದೆತಾಯಿಗೂ ತೊಂದರೆ. ಸಂಜೆ ಅಥವಾ ಶನಿವಾರ ಇರೋದನ್ನು ಹುಡುಕಿ. ನೂರು ಪೌಂಡಿನ ಶನಿವಾರದ ಕೋರ್ಸು, ಎಂಬತ್ತರ ಬುಧವಾರದ ಕೋರ್ಸಿಗಿಂತ ಅಗ್ಗ ಆಗಬಹುದು.

ಕೊನೆಗೆ, ಪಾವತಿ ಬಟನ್ ಒತ್ತೋ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಕೇಳ್ತಿರೋರು ಯಾರು, ಕಾನೂನೋ ಜಾಹೀರಾತೋ? ಇದು ಓದಿ ಬರೋದಾ, ಕೈಗೆ ಬರಬೇಕಾದದ್ದಾ? ಇದೇ ವಿಷಯ ಕೌನ್ಸಿಲ್ ಅಥವಾ ಸರ್ಕಾರದಿಂದ ಉಚಿತವಾಗಿ ಸಿಗುತ್ತಾ? ಇದನ್ನು ಕಲಿತರೆ ಬರೋ ಸೋಮವಾರ ನನ್ನ ಮನೆಯಲ್ಲಿ ಏನು ಬದಲಾಗುತ್ತೆ? ನಾಲ್ಕನೆಯದಕ್ಕೆ ಉತ್ತರ ಇಲ್ಲ ಅಂದ್ರೆ ದುಡ್ಡು ಜೇಬಲ್ಲೇ ಇರಲಿ.

ಹೊಸದಾಗಿ ಶುರು ಮಾಡೋರಿಗೆ ಭಯ ಇರುತ್ತೆ, ಸಹಜ. ಬೇರೆಯವರ ಮಗು. ಆ ಭಯಕ್ಕೆ ಒಂದರ ಮೇಲೊಂದು ಸರ್ಟಿಫಿಕೇಟು ಕೊಂಡುಕೊಳ್ತೀವಿ. ಭಯ ಕಡಿಮೆ ಮಾಡೋದು ಬೊಂಬೆಯ ಮೇಲೆ ಹತ್ತು ಸಲ ಒತ್ತಿದ ಕೈ, ಫ್ರಿಜ್ ಮೇಲೆ ಬರೆದಿಟ್ಟ ಫೋನ್ ನಂಬರು, ಮತ್ತು ಅದೇ ಊರಿನಲ್ಲಿ ಇದೇ ಕೆಲಸ ಮಾಡ್ತಿರೋ ಇನ್ನೊಬ್ಬರ ಪರಿಚಯ. ಇದಿಷ್ಟಕ್ಕೆ 240 ಪೌಂಡ್ ಬೇಕಾಗಲ್ಲ.

ನಿಯಮಗಳು ಆಗಾಗ ಬದಲಾಗ್ತಿರುತ್ತವೆ, ಅರ್ಜಿ ಹಾಕೋ ದಿನ ಸರ್ಕಾರದ ಜಾಲತಾಣದಲ್ಲಿರೋ ಇ.ವೈ.ಎಫ್.ಎಸ್.ನ ಚೈಲ್ಡ್‌ಮೈಂಡರ್ ಆವೃತ್ತಿಯನ್ನು ಮತ್ತೊಮ್ಮೆ ನೋಡಿಕೊಳ್ಳಿ. ಮುಂದಿನ ಕಂತಿನಲ್ಲಿ ಇದೇ ಕೆಲಸದ ಶುಲ್ಕ ಹೇಗೆ ನಿಗದಿ ಮಾಡೋದು, ರಜೆ ದಿನದ ದುಡ್ಡು ಕೇಳಬೇಕಾ ಬೇಡವಾ ಅನ್ನೋದರ ಬಗ್ಗೆ ಮಾತಾಡೋಣ.